ಸೋರ್ಸ್ ಕೋಡ್ ಕೈಸೇರಿದರಷ್ಟೇ ಸಾಲದು

ತಮ್ಮ ವ್ಯವಹಾರಕ್ಕೆಂದೇ ತಂತ್ರಾಂಶ ಬರೆಸಿಕೊಳ್ಳುವ ಉದ್ಯಮಗಳು ಒಂದು ವಿಷಯದಲ್ಲಿ ಎಚ್ಚೆತ್ತುಕೊಂಡಿವೆ. ಸೋರ್ಸ್ ಕೋಡ್ ಹಸ್ತಾಂತರಿಸತಕ್ಕದ್ದೆಂಬ ಷರತ್ತು ಈಗ ಒಪ್ಪಂದಗಳಲ್ಲಿ ಸೇರುತ್ತಿದೆ. ತಯಾರಕರು ಪೆನ್‌ಡ್ರೈವ್ ಒಂದನ್ನು ತಂದೊಪ್ಪಿಸುತ್ತಾರೆ, ಲೆಕ್ಕವಿಭಾಗವು ಸ್ವೀಕೃತಿ ಬರೆದು ಅದನ್ನು ತಿಜೋರಿಯಲ್ಲಿ ಇರಿಸುತ್ತದೆ, ಕೊನೆಯ ಕಂತು ಸಂದಾಯವಾಗುತ್ತದೆ. ಅದರಲ್ಲಿರುವ ಬರಹದಿಂದ ಓಡುವ ಪ್ರೋಗ್ರಾಮ್ ಸಿದ್ಧವಾಗುವುದೇ ಎಂದು ಪರೀಕ್ಷಿಸುವವರು ಮಾತ್ರ ವಿರಳ. ಗೋದಾಮಿನ ಬಾಗಿಲು ತೆರೆಯದೆ ದಾಸ್ತಾನು ಪಟ್ಟಿಗೆ ಸಹಿ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಲಿನಕ್ಸ್ ಗಣಕಗಳಿಗಾಗಿ ಸಿ ಭಾಷೆಯಲ್ಲಿ ಬರೆಸಿದ ತಂತ್ರಾಂಶಗಳಲ್ಲಿ ಈ ಅಪಾಯ ಎದ್ದು ಕಾಣುತ್ತದೆ. ಸಿ ಬರಹವು ತಾನಾಗಿ ಓಡುವಂಥದ್ದಲ್ಲ. ಜಿಸಿಸಿಯಂತಹ ಕಂಪೈಲರ್ ಪ್ರತಿಯೊಂದು ಕಡತವನ್ನೂ ಯಂತ್ರಭಾಷೆಗೆ ಪರಿವರ್ತಿಸಬೇಕು. ಬಳಿಕ ಲಿಂಕರ್ ಅವುಗಳನ್ನೂ ಅಗತ್ಯವಾದ ಲೈಬ್ರರಿಗಳನ್ನೂ ಜೋಡಿಸಬೇಕು. ತಯಾರಕರು ತಮ್ಮ ಹಿಂದಿನ ಕೆಲಸದಿಂದ ತಂದು ಬಳಸಿದ ಒಂದೇ ಒಂದು ಲೈಬ್ರರಿ ಪೆನ್‌ಡ್ರೈವ್‌ಗೆ ಬಾರದೆ ಉಳಿದರೂ ಜೋಡಣೆ ಅಲ್ಲಿಗೇ ನಿಲ್ಲುತ್ತದೆ. ಲಕ್ಷಾಂತರ ರೂಪಾಯಿ ಕೊಟ್ಟು ಪಡೆದದ್ದು ಆಗ ಬರಿಯ ಅಕ್ಷರರಾಶಿ.

ಯಾವ ಕಡತದಿಂದ ಯಾವುದು, ಯಾವ ಆಜ್ಞೆಯಿಂದ ತಯಾರಾಗಬೇಕೆಂದು ತಿಳಿಸುವ ಪತ್ರವೇ ಮೇಕ್‌ಫೈಲ್. ಅದನ್ನು ಓದಿ ಕೆಲಸ ನಡೆಸುವ ಮೇಕ್ ಎಂಬ ಉಪಕರಣವನ್ನು 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದರು. ಅದರ ಹಿನ್ನೆಲೆ ಲೆಕ್ಕಪರಿಶೋಧಕರಿಗೆ ರುಚಿಸುವಂಥದ್ದು. ಅವರ ಸಹೋದ್ಯೋಗಿ ಸ್ಟೀವ್ ಜಾನ್ಸನ್ ಒಂದು ಇಡೀ ಬೆಳಗನ್ನು ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ದೋಷ ಹುಡುಕುತ್ತ ಕಳೆದಿದ್ದರು. ದೋಷವನ್ನು ಬರಹದಲ್ಲಿ ಆಗಲೇ ತಿದ್ದಲಾಗಿತ್ತು. ಆದರೆ ಆ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಓಡುತ್ತಿದ್ದದ್ದು ಹಳೆಯದೇ! ಕಡತಗಳ ಸಮಯವನ್ನು ಹೋಲಿಸಿ, ಬದಲಾದುದನ್ನು ಮಾತ್ರ ಮರಳಿ ಕಂಪೈಲ್ ಮಾಡಿಸುವ ಮೇಕ್ ಹುಟ್ಟಿದ್ದು ಹೀಗೆ. ತಿಜೋರಿಯಲ್ಲಿರುವ ಬರಹ ಒಂದು, ಕೌಂಟರಿನಲ್ಲಿ ಓಡುವ ಪ್ರೋಗ್ರಾಮ್ ಮತ್ತೊಂದು ಆಗುವ ಸಾಧ್ಯತೆ ಇಂದಿಗೂ ಇದ್ದೇ ಇದೆ. ಅಂದಹಾಗೆ, ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್ ಅಕ್ಷರದಿಂದಲೇ ಆರಂಭವಾಗುವುದು ವಾಡಿಕೆಯ ನಿಯಮ. ಅದರ ಬದಲು ಖಾಲಿ ಜಾಗಗಳಿದ್ದರೆ ಮೇಕ್ ಮುಂದುವರಿಯದು. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ, ಕಾಗದದ ಪ್ರತಿ ಪರಿಶೀಲಿಸಿದ ಮಾತ್ರಕ್ಕೆ ಇದು ಪತ್ತೆಯಾಗದು.

1991ರಲ್ಲಿ ಪ್ರಕಟವಾದ, ಲಿನಕ್ಸ್ ಕರ್ನಲ್‌ಗೆ ಅನ್ವಯಿಸುವ ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಯು, ಕಂಪೈಲ್ ಮಾಡಲು ಮತ್ತು ಸ್ಥಾಪಿಸಲು ಬಳಸುವ ಸ್ಕ್ರಿಪ್ಟ್‌ಗಳೂ ಸಂಪೂರ್ಣ ಸೋರ್ಸ್ ಕೋಡ್‌ನ ಭಾಗವೆಂದು ಸ್ಪಷ್ಟಪಡಿಸಿದೆ. ಉಚಿತವಾಗಿ ಹಂಚುವವರು ವಿಧಿಸಿಕೊಂಡ ಈ ಶಿಸ್ತನ್ನು ಹಣ ಕೊಟ್ಟು ಕೊಳ್ಳುವವರು ಕೇಳದಿರುವುದು ವಿಚಿತ್ರ.

ದೋಷಶೋಧನೆಯ ಮಾತೂ ಇಷ್ಟೇ ಮುಖ್ಯ. ಸಿ ಭಾಷೆಯ ಫ್ಲೋಟ್ ಬಗೆಯ ಸಂಖ್ಯೆಯಲ್ಲಿ ಮೊತ್ತವನ್ನು ಇರಿಸಿದರೆ, 1,67,77,216 ರೂಪಾಯಿಗೆ ಒಂದು ರೂಪಾಯಿ ಕೂಡಿಸಿದರೂ ಮೊತ್ತ ಬದಲಾಗದು. ಕೋಟಿ ದಾಟುವ ವಹಿವಾಟಿನವರಿಗೆ ಇದು ತಮಾಷೆಯಲ್ಲ. ಇಂತಹ ತಪ್ಪನ್ನು ಸಾಲುಸಾಲಾಗಿ ಓಡಿಸಿ ಹಿಡಿಯಲು ಜಿಡಿಬಿ ಎಂಬ ಉಪಕರಣವಿದೆ. ಆದರೆ ಕಂಪೈಲ್ ಮಾಡುವಾಗ ದೋಷಶೋಧನೆಯ ಮಾಹಿತಿಯನ್ನು ಸೇರಿಸಿದ್ದರೆ ಮಾತ್ರ ಅದು ಮೂಲಬರಹದ ಸಾಲನ್ನು ತೋರಬಲ್ಲದು. ಗಾತ್ರ ತಗ್ಗಿಸಲು ಆ ಮಾಹಿತಿಯನ್ನು ಕಿತ್ತುಹಾಕಿದ ಪ್ರತಿಯಷ್ಟೇ ಗ್ರಾಹಕರ ಕೈಯಲ್ಲಿದ್ದರೆ ಉಳಿಯುವುದು ಯಂತ್ರದ ವಿಳಾಸಗಳು ಮಾತ್ರ. ಎರಡೂ ಪ್ರತಿಗಳನ್ನು ಪಡೆಯುವುದು ಲೇಸು.

1 ಜುಲೈ 2017ರಂದು ಜಿಎಸ್‌ಟಿ ಜಾರಿಗೆ ಬಂತು. ಕಂಪನಿಗಳ ಲೆಕ್ಕ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂಬ ನಿಯಮ 1 ಏಪ್ರಿಲ್ 2023ರಿಂದ ಬಂತು. ಮುಂದಿನದು ಯಾವ ಸರ್ಕಾರದ ಆದೇಶವೂ ಅಲ್ಲ: ಸಮಯವನ್ನು 32 ಬಿಟ್‌ಗಳಲ್ಲಿ ಎಣಿಸುವ ಹಳೆಯ ಪ್ರೋಗ್ರಾಮುಗಳ ಗಡಿಯಾರವು ಭಾರತೀಯ ಕಾಲಮಾನದಂತೆ 19 ಜನವರಿ 2038ರ ಬೆಳಿಗ್ಗೆ 8 ಗಂಟೆ 44 ನಿಮಿಷದ ಹೊತ್ತಿಗೆ ಮಿತಿ ಮುಟ್ಟಿ 1901ಕ್ಕೆ ಜಿಗಿಯುತ್ತದೆ. ಆ ದಿನವನ್ನು ದಾಟುವ ಗುತ್ತಿಗೆ ಕರಾರುಗಳೂ ಸಾಲದ ಕಂತುಗಳೂ ಈಗಾಗಲೇ ಪುಸ್ತಕಗಳಲ್ಲಿವೆ. ಪರಿಹಾರವೆಂದರೆ 64 ಬಿಟ್‌ಗೆ ಮರಳಿ ಕಂಪೈಲ್ ಮಾಡುವುದು, ದತ್ತಾಂಶದ ಕಡತಗಳಲ್ಲಿ ನಾಲ್ಕೇ ಬೈಟ್ ಮೀಸಲಿಟ್ಟಿದ್ದರೆ ಅದನ್ನೂ ತಿದ್ದುವುದು. ಮರಳಿ ಕಂಪೈಲ್ ಮಾಡಲಾಗದವರಿಗೆ ಎರಡೂ ಅಸಾಧ್ಯ.

ಸಿದ್ಧ ಪ್ಯಾಕೇಜುಗಳ ಮಾತು ಬೇರೆ. ಬರೆಸಿಕೊಂಡ ತಂತ್ರಾಂಶದ ವಿಷಯದಲ್ಲಂತೂ, ಹೊಸದಾಗಿ ಲಿನಕ್ಸ್ ಸ್ಥಾಪಿಸಿದ, ತಯಾರಕರ ಕೈ ತಾಗಿರದ ಗಣಕದಲ್ಲಿ, ಹಸ್ತಾಂತರಿಸಿದ ಕಡತಗಳಿಂದಲೇ ಪ್ರೋಗ್ರಾಮನ್ನು ಸಿದ್ಧಪಡಿಸಿ ತೋರಿಸುವವರೆಗೆ ಕೊನೆಯ ಕಂತನ್ನು ತಡೆಹಿಡಿಯುವುದು ನ್ಯಾಯಸಮ್ಮತ. ಹೀಗೆ ಸಿದ್ಧವಾದುದರಲ್ಲಿ ಹಿಂದಿನ ತಿಂಗಳ ಬಿಲ್ಲುಗಳನ್ನು ಓಡಿಸಿ ಮೊತ್ತಗಳನ್ನು ತಾಳೆ ನೋಡಬೇಕು. ಕಂಪೈಲರ್ ಮತ್ತು ಲೈಬ್ರರಿಗಳ ಆವೃತ್ತಿಗಳನ್ನು ಬರೆದು ಉಭಯ ಪಕ್ಷಗಳೂ ಸಹಿ ಮಾಡಬೇಕು. ತಮ್ಮಲ್ಲಿ ತಿಳಿದವರಿಲ್ಲವೆಂಬ ಆಕ್ಷೇಪ ಬರಬಹುದು. ಸ್ವತಂತ್ರ ಪ್ರೋಗ್ರಾಮರ್ ಒಬ್ಬರನ್ನು ಆ ದಿನದ ಮಟ್ಟಿಗೆ ಕರೆಸುವ ಖರ್ಚು, ಎಲ್ಲವನ್ನೂ ಹೊಸದಾಗಿ ಬರೆಸುವ ಖರ್ಚಿನ ಮುಂದೆ ಏನೇನೂ ಅಲ್ಲ. ವಾಣಿಜ್ಯ ಸಂಸ್ಥೆಗಳು ಸದಸ್ಯರಿಗಾಗಿ ಮಾದರಿ ಷರತ್ತೊಂದನ್ನು ಸಿದ್ಧಪಡಿಸಿಕೊಡುವುದು ಅಪೇಕ್ಷಣೀಯ. ಅದರಲ್ಲಿ ಕೃತಿಸ್ವಾಮ್ಯದ ಮಾತೂ ಬರಬೇಕು. 1957ರ ಅಧಿನಿಯಮದಂತೆ, ಹೊರಗಿನವರಿಂದ ಬರೆಸಿದ ಪ್ರೋಗ್ರಾಮಿನ ಹಕ್ಕು ಲಿಖಿತ ವರ್ಗಾವಣೆಯಿಲ್ಲದಿದ್ದರೆ ಸಾಮಾನ್ಯವಾಗಿ ಬರೆದವರಲ್ಲಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಅದು ಐದೇ ವರ್ಷದ್ದೆಂದು ಭಾವಿಸಲಾಗುತ್ತದೆ.