ಇಂಜಿನ್ ಅರಚುತ್ತದೆ, ದೋಣಿ ಕದಲುವುದಿಲ್ಲ! ತಪ್ಪು ಯಾರದು?

ಯಲಹಂಕದಲ್ಲಿ ದೋಣಿ ಎಂದರೆ ಒಂದು ಕಾಲಕ್ಕೆ ನಗುತ್ತಿದ್ದೆವು. ಈಗ ನಗು ಬರುತ್ತದೆಯೇ? 2021ರ ನವೆಂಬರಿನಲ್ಲಿ ಯಲಹಂಕ ಕೆರೆ ಉಕ್ಕಿ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿತು. 2024ರ ಅಕ್ಟೋಬರಿನಲ್ಲಿ ಮತ್ತೆ ಅದೇ ಕಥೆ. ಎರಡು ಸಲವೂ ಮಕ್ಕಳನ್ನು, ಮುದುಕರನ್ನು ಹೊರಗೆ ತರಲು ದೋಣಿಯೇ ಬೇಕಾಯಿತು. ಸಮುದ್ರವಿಲ್ಲದ ಊರಿನಲ್ಲಿ ದೋಣಿ ನಡೆಸುವ ಕಾಲ ಬಂದಿದೆ. ಹಾಗಿದ್ದ ಮೇಲೆ ದೋಣಿಯ ಕಾಯಿಲೆಯನ್ನೂ ನಾವು ತಿಳಿದಿರಬೇಕಲ್ಲವೇ?

ಮುಳುಗಿದ ಬೀದಿಯಲ್ಲಿ ಸಾಮಾನ್ಯ ಮೋಟರ್ ದೋಣಿಯ ರೆಕ್ಕೆ ಎಲ್ಲಿ ತಾಗುತ್ತದೋ ಹೇಳಲಾಗದು. ಫುಟ್‌ಪಾತ್ ಕಲ್ಲು, ಮುಳುಗಿದ ಬೈಕು, ಕೊನೆಗೆ ಮನುಷ್ಯನ ಕಾಲು! ಆಳವಿಲ್ಲದ ನೀರಿಗೆಂದೇ ಇರುವುದು ಜೆಟ್ ದೋಣಿ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ತನ್ನ ನಾಡಿನ ತೆಳುನೀರಿನ ಹೊಳೆಗಳಿಗಾಗಿ ಇದನ್ನು ಪಳಗಿಸಿದ. ಇದರಲ್ಲಿ ಮಾಯ ಮಂತ್ರವೇನೂ ಇಲ್ಲ. ಹೊಟ್ಟೆಯ ಕೆಳಗಿನಿಂದ ನೀರೆಳೆದು ಹಿಂದಕ್ಕೆ ರಭಸವಾಗಿ ಎಸೆಯುವ ಒಂದು ಪಂಪು, ಅಷ್ಟೇ. ನಿಮ್ಮ ಮನೆಯ ಸಂಪಿನ ಮೋಟರಿನ ದಾಯಾದಿ!

ಈ ಪಂಪಿಗೆ ಬರುವ ದೊಡ್ಡ ರೋಗದ ಹೆಸರು ಕ್ಯಾವಿಟೇಶನ್. ಇಂಜಿನ್ ಅರಚುತ್ತದೆ, ಆರ್‌ಪಿಎಂ ಏರುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ಒಳಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದ ಹಾಗೆ ಸದ್ದು. ದಡದಲ್ಲಿ ನಿಂತವರೆಲ್ಲ ಒಂದೇ ಮಾತು: 'ಇಂಜಿನ್ ಹೋಯ್ತು ಗುರೂ!' ಹೋಗಿಲ್ಲ ಸ್ವಾಮಿ. ಪಂಪಿಗೆ ನೀರಿನ ಬರ ಬಂದಿದೆ.

ನೀರು ಬೆಂಕಿಯಿಂದ ಮಾತ್ರ ಕುದಿಯುವುದಿಲ್ಲ. ಒತ್ತಡ ಸಾಕಷ್ಟು ಇಳಿದರೆ ತಣ್ಣೀರೂ ಕುದಿಯುತ್ತದೆ. ಪಂಪಿಗೆ ಬೇಕಾದಷ್ಟು ನೀರು ಬಾರದಿದ್ದಾಗ ಇಂಪೆಲ್ಲರ್ ರೆಕ್ಕೆಯ ಮೇಲೆ ಒತ್ತಡ ಕುಸಿದು ಆವಿಯ ಗುಳ್ಳೆಗಳೇಳುತ್ತವೆ. ಒತ್ತಡ ಹೆಚ್ಚಿರುವ ಕಡೆ ಹೋದೊಡನೆ ಅವು ಒಳಕ್ಕೆ ಸಿಡಿಯುತ್ತವೆ. ಒಂದೊಂದು ಸಿಡಿತವೂ ಲೋಹಕ್ಕೆ ಬಿದ್ದ ಸುತ್ತಿಗೆ ಪೆಟ್ಟು. ಗುಳ್ಳೆ ಕುಸಿದಾಗ ಏಳುವ ಒತ್ತಡದ ಲೆಕ್ಕವನ್ನು 1917ರಲ್ಲೇ ರೇಲೀ ಹಾಕಿಕೊಟ್ಟಿದ್ದ. ನಮ್ಮ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜಯ್ ಅರಕೇರಿಯವರು ಇದೇ ವಿಷಯದಲ್ಲಿ ಸಂಶೋಧನೆ ನಡೆಸಿದವರು. ವಿದ್ಯೆ ನಮ್ಮ ಬೀದಿಯಲ್ಲೇ ಇದೆ. ಗ್ಯಾರೇಜಿಗೆ ಮಾತ್ರ ಇಳಿದಿಲ್ಲ!

ಇನ್ನೊಂದು ಗುಟ್ಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರಿನಲ್ಲಿ ಗಾಳಿಯ ಭಾರ ಸುಮಾರು 10.3 ಮೀಟರ್ ನೀರನ್ನು ಎತ್ತಿ ಹಿಡಿದರೆ ಇಲ್ಲಿ 9.3 ಮೀಟರ್ ಆಸುಪಾಸು. ಪಂಪಿನೊಳಕ್ಕೆ ನೀರನ್ನು ತಳ್ಳುವುದು ಇದೇ ಭಾರ. ಕರಾವಳಿಯಲ್ಲಿ ಹೇಗೋ ಪಾಸಾದ ಸವೆದ ಇಂಪೆಲ್ಲರ್ ಯಲಹಂಕದಲ್ಲಿ ಫೇಲಾದರೆ ಆಶ್ಚರ್ಯವಿಲ್ಲ.

ಹಾಗಾದರೆ ರೋಗ ಪತ್ತೆ ಹೇಗೆ? ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿ: ತೊಂದರೆ ಯಾವಾಗ ಶುರುವಾಯಿತು?

ಚೆನ್ನಾಗಿ ಓಡುತ್ತಿದ್ದದ್ದು ಥಟ್ಟನೆ ಕೆಟ್ಟಿತೇ? ತಳದ ಜಾಲರಿ ಕಟ್ಟಿದೆ. ಪ್ಲಾಸ್ಟಿಕ್ ಕವರು, ಕೆರೆಯ ಕಳೆ, ಹಗ್ಗ, ಹಳೇ ಸೀರೆ ಏನೂ ಸಿಕ್ಕಿರಬಹುದು. ಮೊದಲು ಇಂಜಿನ್ ನಿಲ್ಲಿಸಿ, ಕೀ ತೆಗೆದು ಜೇಬಿಗೆ ಹಾಕಿ, ಆಮೇಲೆ ಕೈ ಹಾಕಿ. ಈ ಕ್ರಮ ತಪ್ಪಿದರೆ ಬೆರಳೇ ಹೋಗುತ್ತದೆ!

ದಿನದಿಂದ ದಿನಕ್ಕೆ ಎಳೆತ ಕಡಿಮೆಯಾಯಿತೇ? ಟಾರ್ಚ್ ಹಿಡಿದು ಇಂಪೆಲ್ಲರ್ ನೋಡಿ. ರೆಕ್ಕೆಯಂಚು ಮೊಂಡಾಗಿದೆಯೇ, ಬಾಗಿದೆಯೇ, ಗೆದ್ದಲು ತಿಂದ ಹಾಗೆ ಗುಳಿ ಬಿದ್ದಿದೆಯೇ? ಇಂಪೆಲ್ಲರಿಗೂ ಅದರ ಸುತ್ತಲಿನ ಉಂಗುರಕ್ಕೂ ನಡುವಿನ ಸಂದು ಒಂದು ಮಿಲಿಮೀಟರಿಗೂ ಕಡಿಮೆ ಇರಬೇಕು. ಮರಳು, ಕಲ್ಲು ನುಂಗಿ ನುಂಗಿ ಆ ಸಂದು ಅಗಲವಾದರೆ ತಳ್ಳಿದ ನೀರು ಹಿಂದಕ್ಕೇ ಸೋರುತ್ತದೆ.

ತಿರುವಿನಲ್ಲಿ, ಅಲೆಯಲ್ಲಿ, ಜನ ಒಂದೇ ಕಡೆ ಕೂತಾಗ ಮಾತ್ರ ಅರಚುತ್ತದೆಯೇ? ಅದು ಕ್ಯಾವಿಟೇಶನ್ ಅಲ್ಲ, ಹೊರಗಿನ ಗಾಳಿ ನುಗ್ಗಿದೆ. ಲಕ್ಷಣ ಒಂದೇ ತರಹ, ರೋಗ ಬೇರೆ. ಭಾರ ಸರಿಪಡಿಸಿ, ಪಂಪು ದೋಣಿಗೆ ಕೂರುವ ಜಾಗದ ಸೀಲ್ ನೋಡಿ.

ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರವೇ? ಮೆಲ್ಲಗೆ ಕೊಟ್ಟು ನೋಡಿ. ಸರಿಹೋದರೆ ತಪ್ಪು ಬಹುಮಟ್ಟಿಗೆ ನಿಮ್ಮ ಕೈಯದು. ಆಗಲೂ ಅರಚಿದರೆ ಮತ್ತೆ ಜಾಲರಿ ನೋಡಿ, ಇಂಪೆಲ್ಲರ್ ನೋಡಿ.

ನಮಗೆ ದೋಣಿಯೇ ಇಲ್ಲ ಎನ್ನುತ್ತೀರಾ? ಆರ್.ಟಿ. ನಗರದ ನಿಮ್ಮ ಮನೆಯ ಸಂಪಿನ ಮೋಟರ್ ಗಡಗಡ ಎಂದಾಗ ಹೊಸ ಮೋಟರಿಗೆ ದುಡ್ಡು ಎಣಿಸುವ ಮೊದಲು ಫುಟ್‌ವಾಲ್ವ್ ಎತ್ತಿ ನೋಡಿ. ಕಸ ಕಟ್ಟಿರಬಹುದು, ಎಳೆಯುವ ಪೈಪು ಸಣ್ಣದಿರಬಹುದು, ಬೆಂಡುಗಳು ಜಾಸ್ತಿಯಿರಬಹುದು. ಅದೇ ಬರ, ಅದೇ ಅರಚಾಟ!

ಈಗ ನೇರ ಮಾತು. ಬಾಗಿಲಿಗೆ ನೀರು ಬಂದ ರಾತ್ರಿ ದೋಣಿಯ ಹಗ್ಗ ಹಿಡಿಯುವವನು ನಿಮ್ಮಂಥ ಹುಡುಗ. ಅವನ ಕೈಯಲ್ಲಿರುವ ಕೈಪಿಡಿ ಅವನಿಗೆ ಅರ್ಥವಾಗದ ಭಾಷೆಯಲ್ಲಿದ್ದರೆ ಇದ್ದೂ ಏನು ಪ್ರಯೋಜನ? 'ಇಂಜಿನ್ ನಿಲ್ಲಿಸಿ, ಕೀ ತೆಗೆಯಿರಿ, ಆಮೇಲೆ ಜಾಲರಿ ಮುಟ್ಟಿ' ಎಂದು ದೋಣಿಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸಲು ಎಷ್ಟು ಖರ್ಚು? ಇದು ಅಭಿಮಾನದ ಮಾತಷ್ಟೇ ಅಲ್ಲ, ಬೆರಳಿನ ಮಾತು, ಪ್ರಾಣದ ಮಾತು. ಕೇಳಿ, ಬಿಡದೆ ಕೇಳಿ!

ಹಾಗೆಯೇ ನಮ್ಮನ್ನೂ ಕೇಳಿಕೊಳ್ಳೋಣ. ಜಾಲರಿಗೆ ಸುತ್ತಿಕೊಳ್ಳುವ ಕವರನ್ನು ರಾಜಕಾಲುವೆಗೆ ಎಸೆದವರು ಯಾರು? ಹೊರಗಿನಿಂದ ಯಾರೂ ಬಂದು ಎಸೆದಿಲ್ಲ. ನಾವೇ! ಮುಂದಿನ ಮಳೆ ನಮ್ಮ ಅಪ್ಪಣೆ ಕೇಳಿ ಬರುವುದಿಲ್ಲ. ಅದಕ್ಕೆ ಮೊದಲು ಕಾಲುವೆಗೆ ಕಸ ಎಸೆಯುವುದನ್ನು ನಿಲ್ಲಿಸೋಣ, ಯಂತ್ರದ ಕೂಗಿಗೆ ಕಿವಿಗೊಡುವುದನ್ನು ಕಲಿಯೋಣ.