ರಂಗದ ಬಲ ಯಾವುದು, ಎಡ ಯಾವುದು?

ಭೌತವಿಜ್ಞಾನದ ತರಗತಿಯಲ್ಲಿ ‘ಬಲ’ ಎಂದರೆ ಏನೆಂಬ ವಿಷಯದಲ್ಲಿ ಯಾರಿಗೂ ಸಂದೇಹವಿಲ್ಲ. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದರೆ ಬರುವುದೇ ಬಲ. ಅದೇ ವಿದ್ಯಾರ್ಥಿಗಳು ಸಂಜೆ ವಾರ್ಷಿಕೋತ್ಸವದ ನಾಟಕದ ಅಭ್ಯಾಸಕ್ಕೆ ನಿಂತಾಗ ಮಾತ್ರ ಈ ಪದ ದೊಡ್ಡ ತೊಡಕಾಗುತ್ತದೆ. ಎದುರಿಗೆ ಕುಳಿತ ನಿರ್ದೇಶಕರು ‘ಬಲಕ್ಕೆ ಸರಿ’ ಎನ್ನುತ್ತಾರೆ. ಕರ್ಣನ ಪಾತ್ರಧಾರಿ ತನ್ನ ಬಲಕ್ಕೆ ಸರಿಯುತ್ತಾನೆ. ಅದು ನಿರ್ದೇಶಕರ ಎಡ. ‘ಆ ಬಲವಲ್ಲ, ಈ ಬಲ’ ಎಂದು ಅವರು ಕೈ ಬೀಸಿ ತೋರಿಸುವಷ್ಟರಲ್ಲಿ ದೀಪದವನು ಮೂರನೆಯ ದಿಕ್ಕಿಗೆ ಬೆಳಕನ್ನು ತಿರುಗಿಸಿರುತ್ತಾನೆ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಂಥ ಕಟ್ಟಡವಾಗಲಿ, ಮೂಡಿಗೆರೆ, ಕಳಸದ ಕಡೆಯ ಕಾಫಿ ಕಣದ ಮೇಲೆ ಹಲಗೆ ಜೋಡಿಸಿದ ಮಂಟಪವಾಗಲಿ, ಈ ಗೊಂದಲಕ್ಕೆ ದೊಡ್ಡದು ಚಿಕ್ಕದೆಂಬ ಭೇದವಿಲ್ಲ.

ಇದು ನಿರ್ದೇಶ ಚೌಕಟ್ಟಿನ ಪ್ರಶ್ನೆಯೆಂಬುದನ್ನು ವಿಜ್ಞಾನದ ವಿದ್ಯಾರ್ಥಿ ಕೂಡಲೇ ಗುರುತಿಸಬೇಕು. ದಿಕ್ಕನ್ನು ಹೇಳುವ ಮೊದಲು ಮೂಲಬಿಂದು ಎಲ್ಲಿದೆ, ಅಕ್ಷಗಳು ಎತ್ತ ಚಾಚಿವೆ ಎಂಬುದನ್ನು ಹೇಳಬೇಕಷ್ಟೆ. ಪ್ರಪಂಚದ ನಾಟಕದವರು ಬಹುಮಟ್ಟಿಗೆ ಒಪ್ಪಿಕೊಂಡಿರುವ ಸಂಪ್ರದಾಯವೆಂದರೆ, ಪ್ರೇಕ್ಷಕರಿಗೆ ಮುಖಮಾಡಿ ನಿಂತ ನಟನ ಬಲವೇ ರಂಗದ ಬಲ, ಅವನ ಎಡವೇ ರಂಗದ ಎಡ. ನಟನು ಬೆನ್ನು ತಿರುಗಿಸಿದರೂ ಅವು ಬದಲಾಗುವುದಿಲ್ಲ. ಇವನ್ನು ‘ರಂಗಬಲ’, ‘ರಂಗಎಡ’ ಎಂದು ಕರೆದುಬಿಟ್ಟರೆ ಅರ್ಧ ಜಗಳ ತೀರುತ್ತದೆ. ಪಶ್ಚಿಮದವರು ರಂಗದ ಹಿಂಭಾಗವನ್ನು ‘ಮೇಲು’ ಎಂದೂ ಮುಂಭಾಗವನ್ನು ‘ಕೆಳಗು’ ಎಂದೂ ಹೇಳುವರು. ಒಂದು ಕಾಲದಲ್ಲಿ ಅವರ ರಂಗವು ಪ್ರೇಕ್ಷಕರ ಕಡೆಗೆ ಇಳಿಜಾರಾಗಿದ್ದುದೇ ಇದಕ್ಕೆ ಕಾರಣ. ನಮ್ಮ ಹಲಗೆಗಳು ಸಮತಟ್ಟಾಗಿರುವಾಗ ಆ ಮಾತನ್ನು ಏಕೆ ಹೊತ್ತು ತರಬೇಕು? ‘ಮೇಲೆ ಹೋಗು’ ಎಂದರೆ ನಮ್ಮ ಹುಡುಗ ಚಪ್ಪರದತ್ತ ನೋಡಿದರೆ ತಪ್ಪು ಅವನದಲ್ಲ. ‘ಹಿಂದೆ’, ‘ಮುಂದೆ’ ಎಂಬ ಮಾತುಗಳೇ ಸಾಕು.

ರಂಗದ ತಾಂತ್ರಿಕ ಪದಗಳನ್ನು ಕಲಿಯುವುದೆಂದರೆ ಅವುಗಳ ಹಿಂದಿರುವ ಭೌತವಿಜ್ಞಾನವನ್ನೂ ಕಲಿಯುವುದೆಂದೇ ನನ್ನ ಅಭಿಪ್ರಾಯ. ನಮ್ಮ ಶಾಲಾ ಕಾಲೇಜುಗಳಲ್ಲಿ ಮಾತು ಕಲಿಯುವುದು, ಬಣ್ಣ ಹಚ್ಚುವುದು ಮಾತ್ರ ವಿದ್ಯಾರ್ಥಿಗಳ ಪಾಲು. ಬೆಳಕು, ಧ್ವನಿ, ಪರದೆಗಳೆಲ್ಲ ಶಾಮಿಯಾನದವರ ಪಾಲು. ಈ ವಿಭಜನೆ ಸರಿಯಲ್ಲ. ಇದರಿಂದ ವಿದ್ಯೆಗೂ ನಷ್ಟ, ಕೆಲವೊಮ್ಮೆ ಪ್ರಾಣಕ್ಕೂ ಅಪಾಯ.

ಹಳೆಯ ಕಾಲದವರು ಇದನ್ನು ಬೇರೆ ಬೇರೆಯಾಗಿ ಕಂಡವರಲ್ಲ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ಸಂಪೂರ್ಣವಾಗಿ ನಾಟ್ಯಗೃಹದ ರಚನೆಗೆ ಮೀಸಲು. ಆಯತ, ಚೌಕ, ತ್ರಿಕೋನ ಎಂಬ ಮೂರು ಆಕಾರಗಳನ್ನು ಹೇಳಿ, ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಗೃಹವೇ ತಕ್ಕದ್ದೆಂದು ಅಲ್ಲಿ ವಿಧಿಸಿದೆ. ಹಸ್ತವೆಂದರೆ ಸುಮಾರು ಒಂದೂವರೆ ಅಡಿಯೆಂದುಕೊಂಡರೆ ಇದು ೯೬ ಅಡಿಗೆ ೪೮ ಅಡಿ. ಇದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣಿಸುವುದಿಲ್ಲ ಎಂಬ ಕಾರಣವನ್ನೂ ಕೊಟ್ಟಿದೆ. ಗೃಹವು ಬೆಟ್ಟದ ಗುಹೆಯಂತಿರಬೇಕು, ಗಾಳಿ ನುಗ್ಗಬಾರದು, ಆಗ ಸ್ವರ ಗಂಭೀರವಾಗುತ್ತದೆ ಎಂಬ ಮಾತೂ ಅಲ್ಲಿಯೇ ಇದೆ. ನೆಲವನ್ನು ಅಳೆಯುವ ದಾರ ತುಂಡಾಗುವಂಥದಾಗಿರಕೂಡದಂತೆ; ಅದು ನಡುವೆ ತುಂಡಾದರೆ ಯಜಮಾನನಿಗೆ ಕೇಡು. ಶಕುನವನ್ನು ನಂಬುವವರು ನಂಬಲಿ. ಗಂಟುಹಾಕಿದ ದಾರದಿಂದ ಅಳೆದರೆ ಲೆಕ್ಕ ತಪ್ಪುವುದೆಂಬುದನ್ನು ಪ್ರಯೋಗಶಾಲೆಯ ಯಾವ ಸಹಾಯಕನೂ ಒಪ್ಪುವನು.

ಭರತನು ಅನುಭವದಿಂದ ಹೇಳಿದುದಕ್ಕೆ ಸೂತ್ರವನ್ನು ಕೊಟ್ಟವನು ಅಮೆರಿಕದ ವ್ಯಾಲೇಸ್ ಸೇಬಿನ್. ೧೮೯೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಭವನದಲ್ಲಿ ಮಾತೇ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವ ಭಾರ ಈ ತರುಣ ಭೌತವಿಜ್ಞಾನಿಯ ಮೇಲೆ ಬಿತ್ತು. ಆತನು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು, ಅವುಗಳ ಸಂಖ್ಯೆಯನ್ನು ಹೆಚ್ಚಿಸುತ್ತ, ಧ್ವನಿ ಅಡಗಲು ಎಷ್ಟು ಕಾಲ ಹಿಡಿಯುವುದೆಂದು ಅಳೆದನು. ಈ ಕಾಲಕ್ಕೆ ಅನುರಣನ ಕಾಲವೆಂದು ಹೆಸರು. ಅಡಿಗಳ ಲೆಕ್ಕದಲ್ಲಿ, ಕೋಣೆಯ ಘನ ಅಡಿಗಳನ್ನು ಅದರ ಹೀರುವಿಕೆಯಿಂದ ಭಾಗಿಸಿ ೦.೦೫ರಿಂದ ಗುಣಿಸಿದರೆ ಅದು ಸೆಕೆಂಡುಗಳಲ್ಲಿ ದೊರೆಯುತ್ತದೆ. ಹೀರುವಿಕೆಯ ಮಾನವೆಂದರೆ ಒಂದು ಚದರ ಅಡಿ ತೆರೆದ ಕಿಟಕಿ. ಹೊರಗೆ ಹೋದ ಧ್ವನಿ ಹಿಂದಿರುಗುವುದಿಲ್ಲವಷ್ಟೆ.

ನಮ್ಮ ಹೈಸ್ಕೂಲುಗಳ ಸಭಾಂಗಣದಂಥ ಒಂದನ್ನು ತೆಗೆದುಕೊಳ್ಳೋಣ: ೬೦ ಅಡಿ ಉದ್ದ, ೪೦ ಅಡಿ ಅಗಲ, ೧೫ ಅಡಿ ಎತ್ತರ, ನೆಲ, ಗೋಡೆ, ಚಾವಣಿ ಎಲ್ಲವೂ ಸಿಮೆಂಟು. ಘನ ಅಳತೆ ೩೬,೦೦೦. ಒಳಮೈ ೭,೮೦೦ ಚದರ ಅಡಿ. ಸಿಮೆಂಟು ನೂರರಲ್ಲಿ ಮೂರು ಪಾಲು ಹೀರುವುದೆಂದರೆ ಒಟ್ಟು ೨೩೪. ಅನುರಣನ ಕಾಲ ೭.೫ ಸೆಕೆಂಡಿಗೂ ಮಿಗಿಲು! ಸೆಕೆಂಡಿಗೆ ಐದು ಅಕ್ಷರ ನುಡಿದರೂ ಮೂವತ್ತಕ್ಕೂ ಹೆಚ್ಚು ಅಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅಲ್ಲಿಗೆ ೩೦೦ ಜನ ಬಂದು ಕುಳಿತರೆ, ತಲೆಗೆ ನಾಲ್ಕರಂತೆ ೧,೨೦೦ ಸೇರಿ, ಕಾಲವು ೧.೨೫ ಸೆಕೆಂಡಿಗೆ ಇಳಿಯುತ್ತದೆ. ಬರಿಯ ಸಭಾಂಗಣದಲ್ಲಿ ಅಭ್ಯಾಸಮಾಡಿ ‘ಧ್ವನಿವರ್ಧಕ ಸಾಲದು’ ಎಂದು ಕೂಗಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಲಿ. ಬೇಕಾಗಿರುವುದು ಹೆಚ್ಚು ಶಬ್ದವಲ್ಲ, ಹೆಚ್ಚು ಬಟ್ಟೆ. ನಮ್ಮ ಸೀಮೆಯಲ್ಲಿ ಕಾಫಿಯ ಗೋಣಿಚೀಲಗಳಿಗೆ ಬಡತನವಿಲ್ಲ. ಹಿಂಗೋಡೆಗೆ ಅವನ್ನು ಮಡಿಕೆ ಮಡಿಕೆಯಾಗಿ ತೂಗಿಬಿಟ್ಟರೆ ಅಭ್ಯಾಸದ ದಿನಗಳಲ್ಲಿಯೂ ಮಾತು ತಿಳಿಯುತ್ತದೆ. ಆದರೆ ಗೋಣಿ ಬೇಗ ಹೊತ್ತಿಕೊಳ್ಳುವ ವಸ್ತು. ದೀಪದ ಬಳಿಗೆ ಅದನ್ನು ತರಲೇಕೂಡದು.

ಪರದೆಯ ವಿಷಯ ಇನ್ನೂ ಸ್ವಾರಸ್ಯವಾದುದು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ವೃತ್ತಿ ಮಂಡಲಿಗಳು ಅರಮನೆ, ಅರಣ್ಯ, ಬೀದಿಗಳನ್ನು ಬಟ್ಟೆಯ ಮೇಲೆ ಬರೆಸಿ ಊರೂರಿಗೆ ಹೊತ್ತು ತಿರುಗಿದವು. ಇಂಥ ಪರದೆಯ ಮೇಲಂಚನ್ನು ತೊಲೆಗೆ ಕಟ್ಟಿ, ಕೆಳಗಿನ ಅಂಚಿಗೆ ಉರುಳೆ ಜೋಡಿಸಿ, ಉರುಳೆಗೆ ಹಗ್ಗ ಸುತ್ತಿ ಎಳೆದರೆ ಪರದೆ ತನಗೆ ತಾನೇ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ಎರಡು ಅಡಿ ಹಗ್ಗ ಎಳೆದಾಗ ಉರುಳೆ ಒಂದೇ ಅಡಿ ಏರುತ್ತದೆ. ಆದುದರಿಂದ ಎಳೆಯುವವನಿಗೆ ಅರ್ಧ ಭಾರ ಮಾತ್ರ. ಪಠ್ಯಪುಸ್ತಕದ ಚಲಿಸುವ ರಾಟೆ ಇದೇ ಅಲ್ಲವೆ? ರಾಟೆಯ ಪಾಠವನ್ನು ಕಪ್ಪುಹಲಗೆಯ ಮೇಲೆ ಬರೆಯುವ ಬದಲು ಒಂದು ಪರದೆ ಕಟ್ಟಿಸಿ ಕಲಿಸಿದರೆ ಯಾವ ಹುಡುಗನೂ ಅದನ್ನು ಮರೆಯಲಾರನು. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದುದು ಪ್ರಸಿದ್ಧ, ಆ ನೆಲದ ತೊಲೆಗಳ ಲೆಕ್ಕ ಹಾಕಿದವರ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ.

ಇನ್ನು ಬೆಳಕು. ಘಟ್ಟದ ಕೆಳಗಿನ ಯಕ್ಷಗಾನ ಮೇಳಗಳು ಚಾರ್ಮಾಡಿಯನ್ನೇರಿ ಬಂದು ಆಡುವ ಆಟಗಳನ್ನು ಕಂಡವರಿಗೆ ಆ ವೇಷಗಳ ಕೆಂಪು, ಕಪ್ಪು, ಹೊಂಬಣ್ಣಗಳ ವೈಭವ ಗೊತ್ತು. ಈ ಬಣ್ಣಗಳು ಬೆಳೆದುಬಂದದ್ದು ದೀವಟಿಗೆಯ ಮುಂದೆ. ಎಣ್ಣೆಯ ಜ್ವಾಲೆಯ ಉಷ್ಣತೆ ಸುಮಾರು ೧,೯೦೦ ಕೆಲ್ವಿನ್. ಅದರಲ್ಲಿ ಕೆಂಪು ಹಳದಿಗಳು ಹೇರಳ, ನೀಲಿ ಅತ್ಯಲ್ಪ. ಬಟ್ಟೆಗೆ ಸ್ವಂತ ಬೆಳಕಿಲ್ಲ; ಬಿದ್ದ ಬೆಳಕಿನಲ್ಲಿ ಇರುವ ಬಣ್ಣವನ್ನಷ್ಟೆ ಅದು ಹಿಂದಿರುಗಿಸಬಲ್ಲುದು. ನೀಲಿ ಮಿಕ್ಕು ಕೆಂಪು ಕಡಮೆಯಾಗಿರುವ ಅಗ್ಗದ ಬಿಳಿ ಎಲ್‌ಇಡಿ ದೀಪಗಳ ಕೆಳಗೆ ಅದೇ ಕಿರೀಟ ಕಳೆಗುಂದಿ ಕಾಣುವುದು ಆಶ್ಚರ್ಯವಲ್ಲ. ಬೆಳಕು ಹೆಚ್ಚಾಯಿತು, ಬಣ್ಣ ಕಡಮೆಯಾಯಿತು! ಹಳೆಯ ದೀವಟಿಗೆಗೆ ಹಿಂದಿರುಗಿರೆಂದು ನಾನು ಹೇಳುವುದಿಲ್ಲ. ಕೆಂಪುಳ್ಳ ಬೆಳಕಿನ ದೀಪವನ್ನು ಆರಿಸಿಕೊಳ್ಳಿರೆಂದು ಹೇಳುತ್ತೇನೆ.

ದೀಪವನ್ನು ಎಲ್ಲಿ ತೂಗಬೇಕೆಂಬುದಕ್ಕೆ ವಿಲೋಮ ವರ್ಗ ನಿಯಮವೇ ಉತ್ತರ. ಮುಂದಿನ ನಟನಿಂದ ೮ ಅಡಿ, ಹಿಂದಿನವನಿಂದ ೧೬ ಅಡಿ ದೂರದಲ್ಲಿ ದೀಪವಿದ್ದರೆ ಹಿಂದಿನವನಿಗೆ ಸಿಕ್ಕುವುದು ಕಾಲುಪಾಲು ಬೆಳಕು. ಅದೇ ದೀಪವನ್ನು ಹಿಂದಕ್ಕೆ ಒಯ್ದು ೨೪ ಮತ್ತು ೩೨ ಅಡಿ ಮಾಡಿದರೆ ಅವನಿಗೆ ಅರ್ಧಕ್ಕಿಂತ ಹೆಚ್ಚು ದೊರೆಯುತ್ತದೆ. ಒಟ್ಟು ಬೆಳಕು ಕುಗ್ಗಿದರೂ ಸಮತೆ ಬರುತ್ತದೆ. ನೇರ ಎದುರಿನಿಂದ ಬಿದ್ದ ಬೆಳಕಿನಲ್ಲಿ ಮುಖ ಚಪ್ಪಟೆಯಾಗುತ್ತದೆ. ಎರಡು ಪಕ್ಕಗಳಿಂದ, ಸುಮಾರು ೪೫ ಅಂಶದ ಕೋನದಲ್ಲಿ, ಒಂದು ಬೆಚ್ಚನೆಯ ಬಣ್ಣದ್ದೂ ಇನ್ನೊಂದು ತಣ್ಣನೆಯದೂ ಆದ ದೀಪಗಳನ್ನು ಹಾಕುವ ಕ್ರಮವನ್ನು ಅಮೆರಿಕದ ಸ್ಟ್ಯಾನ್ಲಿ ಮೆಕ್‌ಕ್ಯಾಂಡ್‌ಲೆಸ್ ೧೯೩೨ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದನು. ರಂಗಸ್ಥಳದ ಎರಡು ಪಕ್ಕಗಳಲ್ಲಿ ದೀವಟಿಗೆ ನಿಲ್ಲಿಸುತ್ತಿದ್ದ ನಮ್ಮವರಿಗೆ ಇದರ ಅರ್ಧ ಮೊದಲೇ ತಿಳಿದಿತ್ತು.

ಬೆಳಕಿನೊಡನೆ ವಿದ್ಯುತ್ತೂ ಬರುತ್ತದೆ. ನಾನು ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೇ ಅದು. ೨೩೦ ವೋಲ್ಟಿನಲ್ಲಿ ೧,೦೦೦ ವಾಟಿನ ಒಂದು ದೀಪ ಎಳೆಯುವ ಪ್ರವಾಹ ೪.೩ ಆಂಪಿಯರ್. ಅಂಥ ಆರು ದೀಪಗಳಿಗೆ ೨೬ ಆಂಪಿಯರ್. ತರಗತಿಯ ಗೋಡೆಯ ಚಿಕ್ಕ ಪ್ಲಗ್ಗು ೬ ಆಂಪಿಯರಿಗೆಂದು ಮಾಡಿದ್ದು. ಆ ಪ್ಲಗ್ಗಿನಿಂದಲೇ ಉದ್ದನೆಯ ತಂತಿ ಎಳೆದು ಆರು ದೀಪ ಹಚ್ಚುವವರನ್ನೂ, ಫ್ಯೂಸು ಹಾರಿದರೆ ಅದರ ಜಾಗದಲ್ಲಿ ದಪ್ಪ ತಂತಿ ಸುತ್ತುವವರನ್ನೂ ನಮ್ಮ ಗುಡ್ಡಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣ. ಪ್ರವಾಹ ನಾಲ್ಕು ಮಡಿಯಾದರೆ ಶಾಖ ಹದಿನಾರು ಮಡಿ. ಪರೀಕ್ಷೆಯಲ್ಲಿ ಈ ನಿಯಮವನ್ನು ತಪ್ಪಿಲ್ಲದೆ ಬರೆದು ಪೂರ್ಣ ಅಂಕ ಪಡೆದ ಹುಡುಗನೇ ಸಂಜೆ ಆ ತಂತಿಯ ಮೇಲೆ ಪರದೆ ಇಳಿಬಿಡುತ್ತಾನೆ! ರಾತ್ರಿ ಮಂಜು ಸುರಿದು ಹಲಗೆಯೂ ತಂತಿಯ ಗಂಟುಗಳೂ ಒದ್ದೆಯಾಗುವ ನಮ್ಮ ಸೀಮೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ತೋಟಗಳಲ್ಲಿ ಪಂಪುಗಳು ಓಡುವ ಕಾಲದಲ್ಲಿ ವೋಲ್ಟೇಜು ಇಳಿಯುವುದೂ ಉಂಟು. ನೂರಕ್ಕೆ ಹತ್ತರಷ್ಟು ಇಳಿದರೆ ತಂತು ದೀಪದ ಬೆಳಕು ನೂರಕ್ಕೆ ಮೂವತ್ತರಷ್ಟು ಕುಗ್ಗುತ್ತದೆ. ಆಗ ‘ಇನ್ನೆರಡು ದೀಪ ಹಾಕಿ’ ಎಂಬ ಕೂಗು ಏಳುತ್ತದೆ, ತಂತಿಯ ಮೇಲೆ ಇನ್ನಷ್ಟು ಹೊರೆ ಬೀಳುತ್ತದೆ.

೧೯೦೩ರ ಡಿಸೆಂಬರ್ ೩೦ರಂದು ಷಿಕಾಗೋ ನಗರದ ಇರೊಕ್ವಾ ನಾಟಕಶಾಲೆಯಲ್ಲಿ ಆರ್ಕ್ ದೀಪದ ಕಿಡಿಯೊಂದು ಪರದೆಗೆ ತಗುಲಿತು. ಬೆಂಕಿಯನ್ನು ತಡೆಯಬೇಕಾಗಿದ್ದ ಕಲ್ನಾರಿನ ಪರದೆ ಇಳಿಯುತ್ತ ನಡುವೆ ಸಿಕ್ಕಿಕೊಂಡಿತು; ಹಲವು ಬಾಗಿಲುಗಳಿಗೆ ಬೀಗವಿತ್ತು. ಸತ್ತವರು ೬೦೦ಕ್ಕೂ ಹೆಚ್ಚು. ಷಿಕಾಗೋ ದೂರವೆನ್ನುವವರು ೧೯೮೧ರ ಫೆಬ್ರವರಿ ೭ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದುದನ್ನು ನೆನೆಯಬೇಕು. ೯೦ಕ್ಕೂ ಹೆಚ್ಚು ಜನ ಮಡಿದರು, ಅವರಲ್ಲಿ ಬಹುಮಂದಿ ಮಕ್ಕಳು. ನಮ್ಮ ಶಾಮಿಯಾನವೂ ಬಟ್ಟೆಯೇ.

ಇಷ್ಟೆಲ್ಲ ತಿಳಿದವನು ರಂಗದ ಮೇಲೆ ಆಡುವ ಮಾತು ಯಾವುದಿರಬೇಕು? ಒಂದು ಪಕ್ಷದವರು ಎಲ್ಲವನ್ನೂ ಸಂಸ್ಕೃತದಲ್ಲಿ ಹೊಸೆಯಬೇಕೆನ್ನುವರು. ಇನ್ನೊಂದು ಪಕ್ಷದವರು ಇಂಗ್ಲಿಷನ್ನೇ ಇಟ್ಟುಕೊಳ್ಳೋಣವೆನ್ನುವರು. ನನ್ನ ಒರೆಗಲ್ಲು ಬೇರೆ. ಕತ್ತಲೆಯಲ್ಲಿ, ಪಿಸುದನಿಯಲ್ಲಿ, ಒಂದೇ ಉಸಿರಿಗೆ ಹೇಳಿದಾಗ ಪಕ್ಕದವನಿಗೆ ತಪ್ಪಿಲ್ಲದೆ ತಿಳಿಯುವುದೇ ರಂಗದ ಪದ. ಈ ಪರೀಕ್ಷೆಯಲ್ಲಿ ‘ಪ್ರಕಾಶತೀವ್ರತಾ ನಿಯಂತ್ರಕ’ವು ಸೋಲುತ್ತದೆ, ‘ಡಿಮ್ಮರ್’ ಗೆಲ್ಲುತ್ತದೆ. ವಿಂಗು, ಸ್ಪಾಟು, ಡ್ರಾಪು ಇವೂ ಕಂಪನಿ ನಾಟಕಗಳ ಕಾಲದಿಂದ ನಮ್ಮವೇ ಆಗಿವೆ. ಆದರೆ ಹಸಿರಿನ ಸುಳಿವೇ ಇಲ್ಲದ ಕೋಣೆಯನ್ನು ‘ಗ್ರೀನ್ ರೂಮ್’ ಎನ್ನುವುದೇಕೆ? ಯಕ್ಷಗಾನದ ‘ಚೌಕಿ’ ಇದೆ, ಎರಡೇ ಅಕ್ಷರ. ಇಬ್ಬರು ಹಿಡಿದು ನಿಲ್ಲುವ ಅಥವಾ ಮುಂದೆ ಎಳೆಯುವ ಬಟ್ಟೆಗೆ ‘ತೆರೆ’, ಹಿಂದೆ ತೂಗುವ ಚಿತ್ರದ ಬಟ್ಟೆಗೆ ‘ಪರದೆ’ ಎಂದು ಹಂಚಿಕೊಂಡರೆ ನಮ್ಮಲ್ಲಿರುವ ಎರಡು ಮಾತುಗಳಿಗೂ ಕೆಲಸ ಸಿಕ್ಕುತ್ತದೆ.

ಇದನ್ನೆಲ್ಲ ಕಲಿಸಲು ದೊಡ್ಡ ನಗರವೇ ಬೇಕೆಂಬುದು ಸುಳ್ಳು. ಸಾಗರದ ಬಳಿಯ ಅಡಕೆ ತೋಟಗಳ ಊರಾದ ಹೆಗ್ಗೋಡಿನಲ್ಲಿ ೧೯೪೯ರಲ್ಲಿ ಹುಟ್ಟಿದ ನೀನಾಸಂ, ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೇ ತೆರೆಯಿತು. ಅಡಕೆಯ ಸೀಮೆಗೆ ಸಾಧ್ಯವಾದುದು ಕಾಫಿಯ ಸೀಮೆಗೆ ಅಸಾಧ್ಯವೇನಲ್ಲ. ಪ್ರತಿಯೊಂದು ಕಾಲೇಜಿನ ನಾಟಕ ಸಂಘದಲ್ಲಿ ಭೌತವಿಜ್ಞಾನದ ಅಧ್ಯಾಪಕರೊಬ್ಬರು ಇರಲಿ; ವಿದ್ಯುತ್ತಿನ ಹೊರೆಯ ಲೆಕ್ಕವನ್ನು ವಿದ್ಯಾರ್ಥಿಗಳೇ ಕಾಗದದ ಮೇಲೆ ಬರೆದು, ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನಿಗೆ ತೋರಿಸದೆ ದೀಪ ಹಚ್ಚಕೂಡದೆಂಬ ನಿಯಮವಿರಲಿ. ತಂತಿಗೆ ಕೈಹಾಕುವುದು ಆ ಕೆಲಸಗಾರನ ಕೆಲಸ, ಲೆಕ್ಕ ನಿಮ್ಮದು. ಹಿಂದೆ ಕೆಲವೆಡೆ ಉಪ್ಪುನೀರಿನ ಪಾತ್ರೆಯಲ್ಲಿ ತಗಡು ಇಳಿಸಿ ಬೆಳಕನ್ನು ಕುಗ್ಗಿಸುತ್ತಿದ್ದರೆಂದು ಓದಿ ಅದನ್ನು ಮಾಡಿನೋಡುವ ಉತ್ಸಾಹ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಬಿಟ್ಟುಬಿಡಿ.

ಕೊನೆಯದಾಗಿ ಒಂದು ಸಣ್ಣ ವಿಷಯ. ದೀಪ, ತೆರೆ, ಸದ್ದುಗಳಿಗೆ ಸೂಚನೆ ಕೊಡುವವನು ಒಬ್ಬನೇ ಇರಬೇಕು. ಅವನಿಗೆ ಎರಡೇ ಮಾತು ಸಾಕು. ಮೊದಲು ‘ಸಿದ್ಧ’, ಆಮೇಲೆ ‘ಈಗ’. ಸೂಚನೆ ಕೇಳಿ ಕೈ ಆಡಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕು. ‘ಸಿದ್ಧ’ವೆಂಬುದು ಗಮನವನ್ನು ಮೊದಲೇ ಕಟ್ಟಿಹಾಕಿ ಅದು ಇನ್ನಷ್ಟು ಬೆಳೆಯದಂತೆ ನೋಡಿಕೊಳ್ಳುತ್ತದೆ. ನಾಟಕ ನಡೆಯುವಷ್ಟು ಹೊತ್ತೂ ತೆರೆಯ ಹಿಂದೆ ಬೇರೆ ಯಾರೂ, ಬೇರೆ ಯಾವ ಕಾರಣಕ್ಕೂ, ‘ಈಗ’ ಎಂಬ ಪದವನ್ನು ಉಚ್ಚರಿಸಕೂಡದು. ಚಹಾ ಬೇಕಾದವರು ‘ಆಮೇಲೆ’ ಎನ್ನಲಿ.