ಹೊಳೆಯ ನಡುವಿನ ನೆಲ

ಶನಿವಾರ ಭಾನುವಾರಗಳ ಜೊತೆಗೆ ಇನ್ನೊಂದು ದಿನದ ರಜೆ ಕೂಡಿಬಂದರೆ ಸಾಕು, ನಾಲ್ವರು ಗೆಳೆಯರು ಸೇರಿದೆಡೆ ಪ್ರವಾಸದ ಮಾತು ಏಳುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ಈಚೆಗೆ ಆಡುವ ಇಂಥ ಮಾತುಗಳಲ್ಲಿ ಲಕ್ಷದ್ವೀಪದ ಹೆಸರು ಮೇಲಿಂದ ಮೇಲೆ ಕೇಳಿಬರುತ್ತಿದೆ. ಬಿಸಿಲನ್ನೇ ಉಂಡು ಬೆಳೆದ ನಮ್ಮ ಸೀಮೆಯವರಿಗೆ ನೀಲಿ ನೀರಿನ ಆಸೆ ಸಹಜವಾದದ್ದು. ಅದನ್ನು ಹಳಿಯುವುದು ಅರಸಿಕತನ.

ಆ ದ್ವೀಪಗಳು ಕನ್ನಡಿಗರಿಗೆ ತೀರ ಪರಕೀಯವೂ ಅಲ್ಲ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನವಸತಿಯಿರುವುದು ಹತ್ತರಲ್ಲಿ. ಎಲ್ಲವನ್ನೂ ಕೂಡಿಸಿದರೆ ನೆಲ 32 ಚದರ ಕಿಲೋಮೀಟರು ಮಾತ್ರ. ಈ ಹತ್ತರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ಐದು, 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು ಮಂಗಳೂರಿನಿಂದ ಆಳಿಸಿಕೊಳ್ಳುತ್ತಿದ್ದುವು. ಆ ವರ್ಷದ ನವೆಂಬರ್ 1ರಂದು ಅವು ಕೇಂದ್ರದ ಆಡಳಿತಕ್ಕೆ ಹೋದುವು. ಅದೇ ದಿನ, ಅಂದಿನ ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದ ನಮ್ಮ ಮೂರು ಊರುಗಳು ಹೈದರಾಬಾದು ರಾಜ್ಯವನ್ನು ಬಿಟ್ಟು ಮಂಗಳೂರಿನೊಡನೆ ಒಂದೇ ರಾಜ್ಯದೊಳಗೆ ಬಂದುವು. ನಾವು ಮನೆಗೆ ಬಂದ ದಿನವೇ ಅವು ಮನೆ ಬಿಟ್ಟುವು.

ಆದರೆ ಅಲ್ಲಿಗೆ ಹೋಗಲು ಮೊದಲು ಅಪ್ಪಣೆಪತ್ರ ಬೇಕು. ಬಳಿಕ ಹಡಗನ್ನೋ ವಿಮಾನವನ್ನೋ ಏರಬೇಕು. ಎರಡು ದಿನದ ರಜೆ ದಾರಿಗೇ ಸಾಲದು. ಹೀಗಿರುವಾಗ ನಮ್ಮ ಕೈಯಳತೆಯಲ್ಲೇ ಒಂದು ದ್ವೀಪಮಾಲೆಯಿರುವುದನ್ನು ಈ ಮಿತ್ರರಿಗೆ ನೆನಪಿಸಬೇಕೆನ್ನಿಸುತ್ತದೆ. ಕೃಷ್ಣೆ ನಾರಾಯಣಪುರದ ಅಣೆಕಟ್ಟನ್ನು ದಾಟಿದ ಮೇಲೆ ಬಂಡೆಗಳ ನಡುವೆ ಹಲವು ಕವಲಾಗಿ ಹರಿಯುತ್ತಾಳೆ. ಆ ಕವಲುಗಳ ನಡುವೆ ಸುರಪುರ ಸೀಮೆಯ ಕಕ್ಕೇರಿಯ ಬಳಿ ನೀಲಕಂಠರಾಯನಗಡ್ಡಿ ಇದೆ. ಲಿಂಗಸೂಗೂರು ತಾಲ್ಲೂಕಿನಲ್ಲಿ ಜಲದುರ್ಗ, ಕಡದರಗಡ್ಡಿಗಳಿವೆ. ಇನ್ನೂ ಕೆಳಗೆ ರಾಯಚೂರಿನ ಕಡೆ ನಾರದಗಡ್ಡೆ, ಕುರುವಕಲಾ, ಕುರುವಕುರ್ದಾ, ಶ್ರೀಪಾದ ಶ್ರೀವಲ್ಲಭರ ಭಕ್ತರು ಯಾತ್ರೆ ಹೋಗುವ ಕುರುವಪುರ ಇವೆ. ಹೆಸರುಗಳೇ ಒಂದು ಪಾಠ. ಕರಾವಳಿಯವರು ಕುದ್ರು ಎನ್ನುವುದನ್ನು ನಮ್ಮವರು ಗಡ್ಡಿ ಎನ್ನುತ್ತಾರೆ. ಹಳೆಯ ಮಾತು ಕುರುವ. ಅದಕ್ಕೆ ಹಿರಿದು, ಕಿರಿದು ಎಂಬ ಅರ್ಥದ ಪಾರಸಿ ಮಾತುಗಳು ಬಂದು ಸೇರಿ ಕುರುವಕಲಾ, ಕುರುವಕುರ್ದಾ ಆದುವು.

ಹೋದ ಚಳಿಗಾಲದಲ್ಲಿ ನಾವು ಐದಾರು ಮಂದಿ ಮಿತ್ರರು ಜೋಳದ ರೊಟ್ಟಿ, ಶೇಂಗಾಹಿಂಡಿ ಕಟ್ಟಿಕೊಂಡು ಜಲದುರ್ಗಕ್ಕೆ ಹೋಗಿದ್ದೆವು. ಒಂದು ಕಾಲಕ್ಕೆ ವಿಜಾಪುರದ ಆದಿಲಶಾಹಿಗಳ ಕೈಯಲ್ಲಿದ್ದ ಕೋಟೆ. ಬುರುಜಿನ ಮೇಲೆ ಕುಳಿತರೆ ಕೆಳಗೆ ಹೊಳೆ ಬಂಡೆಯಿಂದ ಬಂಡೆಗೆ ಹಾದಿ ಹುಡುಕುತ್ತ ಮೆಲ್ಲನೆ ಸಾಗಿತ್ತು. ‘ಸ್ವರ್ಗ’ ಎಂದರು ನಮ್ಮಲ್ಲೊಬ್ಬರು. ಆಡು ಕಾಯುತ್ತಿದ್ದ ಮುದುಕನೊಬ್ಬ ಅದನ್ನು ಕೇಳಿ ನಕ್ಕು, ‘ಶ್ರಾವಣದಾಗ ಬರ್ರಿ ಯಪ್ಪಾ, ಆಗ ನೋಡ್ರಿ ಹೊಳಿ’ ಎಂದ. ಈ ಲೇಖನ ಆ ಮಾತಿಗೆ ಸಲ್ಲಿಸುತ್ತಿರುವ ಸಾಲ.

ಶ್ರಾವಣದ ಹೊಳೆಯ ರೀತಿ ವಿಚಿತ್ರವಾದದ್ದು. ನಮ್ಮ ಹೊಲಗಳ ಮೇಲೆ ಹನಿ ಬೀಳದಿದ್ದರೂ, ಸಹ್ಯಾದ್ರಿಯ ಮೇಲೆ ಮಳೆ ಹೊಯ್ದರೆ ಆಲಮಟ್ಟಿ ತುಂಬುತ್ತದೆ. ಆಲಮಟ್ಟಿಯ ನೀರು ನಾರಾಯಣಪುರಕ್ಕೆ ಬರುತ್ತದೆ. ಅಲ್ಲಿ ಬಾಗಿಲು ತೆರೆದರೆ ಗಡ್ಡಿಗಳ ದಾರಿ ಮುಚ್ಚುತ್ತದೆ. ಶೀಲಹಳ್ಳಿಯ ಸೇತುವೆ ನೀರಡಿಯಾಗಿ ಆಚೆಯವರು ಆಚೆಯೇ ಉಳಿದ ವರ್ಷಗಳು ಒಂದೆರಡಲ್ಲ. 2019ರ ಆಗಸ್ಟಿನ ಮಹಾಪೂರವನ್ನಂತೂ ಯಾರೂ ಮರೆತಿಲ್ಲ. 2013ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯ ತುಂಬು ಬಸುರಿಯೊಬ್ಬಳು, ಹೆರಿಗೆಗೆ ವೈದ್ಯರ ನೆರವು ಬೇಕೆಂದು, ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು ಮನೆಯವರೊಡನೆ ತುಂಬಿದ ಕೃಷ್ಣೆಯನ್ನು ಈಜಿ ದಡ ಸೇರಿದಳು. 2020ರ ಆಗಸ್ಟಿನಲ್ಲಿ ಕುರುವಕಲಾದ ಬಳಿ ತೆಪ್ಪ ಮಗುಚಿ ಪ್ರಾಣಹಾನಿಯಾಯಿತು.

ಬಸುರಿಯ ಸಾಹಸವನ್ನು ನಾವೆಲ್ಲ ಕೊಂಡಾಡಿದೆವು. ಕೊಂಡಾಡುವುದು ಸುಲಭ. ಆದರೆ ಹೆರಿಗೆಗೆ ಸಾಹಸ ಬೇಕಾಗುವ ಊರು ನಾಡಿನ ಹೆಮ್ಮೆಯಲ್ಲ, ನಾಡಿನ ಲಜ್ಜೆ. ನಮಗೆ ದ್ವೀಪ ಸೊಗಸಾಗಿ ಕಾಣುವುದು, ಸಂಜೆಗೆ ಅಲ್ಲಿಂದ ಹಿಂದಿರುಗುವ ದಾರಿ ನಮಗಿರುವುದರಿಂದ. ಆ ದಾರಿಯನ್ನು ತೆಗೆದುಬಿಟ್ಟರೆ ಅದೇ ಬಂಡೆ, ಅದೇ ನೀರು ಸೆರೆಮನೆಯ ಗೋಡೆಯಾಗುತ್ತವೆ.

ಊರುಗಳನ್ನೇ ಎಬ್ಬಿಸಿ ದಡಕ್ಕೆ ತಂದರಾಯಿತು ಎನ್ನುವವರುಂಟು. ಹೊಲ ಅಲ್ಲಿ, ದನಕರು ಅಲ್ಲಿ, ಹಿರಿಯರ ಗೋರಿ ಅಲ್ಲಿ ಇರುವಾಗ ಬರಿಯ ಮನೆಯನ್ನು ಈಚೆಗೆ ತಂದು ಫಲವೇನು? ಬರುವುದೋ ಇರುವುದೋ, ಆ ನಿರ್ಧಾರ ಅವರದು. ಇರುವೆವೆಂದವರಿಗೆ ಪೂರಕ್ಕೂ ಮುಳುಗದ ಸೇತುವೆ, ಬರುವೆವೆಂದವರಿಗೆ ಮನೆಯ ಜೊತೆಗೆ ಉಳುವ ನೆಲ, ಎರಡೂ ಆಗುವವರೆಗೆ ಮಳೆಗಾಲಕ್ಕೊಂದು ಭದ್ರವಾದ ದೋಣಿ: ಇಷ್ಟನ್ನು ಕೊಡುವುದು ಸರ್ಕಾರದ ಹೊಣೆ. ಈ ದಡಗಳಲ್ಲಿ ಪ್ರವಾಸಿಗರಿಗಾಗಿ ಏನನ್ನಾದರೂ ಕಟ್ಟುವ ಯೋಚನೆ ಬಂದರೆ, ಮೊದಲ ಕಲ್ಲು ಸೇತುವೆಯದಾಗಲಿ.

ತರುಣ ಮಿತ್ರರು ಲಕ್ಷದ್ವೀಪಕ್ಕೆ ಅವಶ್ಯವಾಗಿ ಹೋಗಿಬರಲಿ. ಅದಕ್ಕೆ ಮೊದಲು ಒಂದು ಭಾನುವಾರವನ್ನು ಕೃಷ್ಣೆಗೆ ಕೊಡಲಿ. ಮಾಘದಲ್ಲಿ ಒಮ್ಮೆ ಗಡ್ಡಿಗೆ ಹೋಗಿ ಅಲ್ಲಿಯವರ ಅಂಗಳದಲ್ಲಿ ಕುಳಿತು ಮಾತಾಡಲಿ. ಶ್ರಾವಣದಲ್ಲಿ ಇನ್ನೊಮ್ಮೆ ಹೋಗಿ, ನೀರಿಗಿಳಿಯದೆ, ಈಚೆಯ ದಡದಲ್ಲಿ ಸುಮ್ಮನೆ ನಿಂತು ನೋಡಲಿ. ಆಚೆ ದಡದಲ್ಲಿ ಯಾರಾದರೂ ಕೈಯೆತ್ತಿ ಕೂಗಿದರೆ ಅವರ ಗುರುತು ಸಿಗಬೇಕು. ಮೊದಲ ಸಲದ ಪ್ರವಾಸದಿಂದ ಆಗಬೇಕಾದ ಲಾಭ ಅದೇ.